ವಳಿವಡೆಯ ಪೂಜೆಗೆ ಹೋದ ಕ್ಲಾರಿನೆಟ್

ಜಮಖಂಡಿ ಸಂಸ್ಥಾನದ ಬ್ಯಾಂಡಿನಲ್ಲಿ ಮುದಕಪ್ಪ ವಾಜಂತ್ರಿ ಎಂಬವನೊಬ್ಬ ಕ್ಲಾರಿನೆಟ್ ಊದುತ್ತಿದ್ದ. ಹೆಸರು ಮುದಕಪ್ಪನೆಂದಿದ್ದರೂ ಈ ಸಂಗತಿ ನಡೆದಾಗ ಅವನಿಗೆ ನಲವತ್ತು ತುಂಬಿರಲಿಲ್ಲ; ಅಜ್ಜನ ಹೆಸರು ಮೊಮ್ಮಗನಿಗೆ ಬಂದಿತ್ತು, ಅಷ್ಟೆ. ಮೂಲದಲ್ಲಿ ಬೀಳಗಿ ಕಡೆಯವರು. ಅಪ್ಪ, ಅಜ್ಜ ಇಬ್ಬರೂ ಮದುವೆ ಮುಂಜಿವೆಗಳಲ್ಲಿ ಸನಾದಿ ಊದಿ ಹೊಟ್ಟೆ ಹೊರೆದವರು. ಹಂದರದ ಹೊರಗೆ ನಿಂತು ಊದಬೇಕು, ಬೀಗರೆಲ್ಲ ಉಂಡು ಎದ್ದ ಮೇಲೆ ಹಿತ್ತಲ ಬಾಗಿಲಿಗೆ ಹೋಗಿ ತಮ್ಮ ಪಾಲಿನ ಅನ್ನ ಇಸಿದುಕೊಳ್ಳಬೇಕು. ಸಣ್ಣವನಿದ್ದಾಗ ಮುದಕಪ್ಪ ಅಪ್ಪನ ಪಕ್ಕದಲ್ಲಿ ನಿಂತು ಶ್ರುತಿ ಹಿಡಿಯುತ್ತಿದ್ದ. ಒಂದೇ ಸ್ವರ, ಉಸಿರು ಕಡಿಯದಂತೆ, ಅಪ್ಪ ಸಾಕೆನ್ನುವ ತನಕ. ಗಲ್ಲ ಉಬ್ಬಿಸಿ ಮೂಗಿನಿಂದ ಗಾಳಿ ಎಳೆದು ಬಾಯಿಂದ ಬಿಡುವ ಆ ವಿದ್ಯೆ ಅವನಿಗೆ ನಡಿಗೆ ಬಂದಷ್ಟೇ ಸಹಜವಾಗಿ ಬಂದಿತ್ತು. ಸಾಲೆಯ ಕಟ್ಟೆಯನ್ನು ಮಾತ್ರ ಅವನು ಹತ್ತಿದವನಲ್ಲ.

ಮೀಸೆ ಚಿಗುರುವ ವಯಸ್ಸಿನಲ್ಲಿ ಜಮಖಂಡಿಯ ಮಾಮಲೇದಾರರ ಮನೆಯ ಮದುವೆಗೆ ಅಪ್ಪನ ಜೊತೆ ಬಂದಿದ್ದ. ಸಂಸ್ಥಾನದ ಬ್ಯಾಂಡೂ ಅದೇ ಮೆರವಣಿಗೆಗೆ ಬಂದಿತ್ತು. ಬ್ಯಾಂಡಿನ ಮುಖ್ಯಸ್ಥರು ಇನಾಸ ಮಾಸ್ತರು, ಗೋವೆಯ ಕಿರಿಸ್ತಾನರು, ದುಂಡು ಹೊಟ್ಟೆಯ ಮೇಲೆ ಹಿತ್ತಾಳೆ ಗುಂಡಿಯ ಕೋಟು ಬಿಗಿದವರು. ಈ ಹುಡುಗನ ಉಸಿರು ಎಲ್ಲಿಯೂ ತುಂಡಾಗದೆ ಹರಿಯುವುದನ್ನು ಕೇಳಿ ಅವರು ಮದುಮಗನ ಕುದುರೆಯ ಹಿಂದೆ ಹೋಗುವುದನ್ನು ಬಿಟ್ಟು ಹಂದರದ ಹತ್ತಿರವೇ ನಿಂತುಬಿಟ್ಟರು. ಮರುದಿನ ಅವನನ್ನು ಬ್ಯಾಂಡಿನ ಕೋಣೆಗೆ ಕರೆಸಿ ಕೈಯಲ್ಲಿ ಕ್ಲಾರಿನೆಟ್ ಇಟ್ಟರು. ಸನಾದಿಯ ಬಾಯಿಗೆ ಅದು ಬೇಗ ಒಗ್ಗಿತು. ಹೀಗೆ ಮುದಕಪ್ಪನಿಗೆ ನೌಕರಿ ಆಯಿತು, ಕೆಂಪು ಪಟ್ಟಿಯ ಅಂಗಿ, ಕಾಲಿಗೆ ಬೂಟು, ವಾಡೆಯ ಹಿಂದಿನ ಚಾಳಿನಲ್ಲಿ ಒಂದು ಖೋಲಿ. ಅಪ್ಪ ಬೀಳಗಿಗೆ ಹೋಗುವಾಗ ಅತ್ತ. ಇನ್ನು ನೀನು ಯಾರ ಹಿತ್ತಲ ಬಾಗಿಲಿಗೂ ಹೋಗುವುದು ಬೇಡ ಎಂದು ಹೇಳಿ, ಒಮ್ಮೆಯೂ ಹಿಂದೆ ತಿರುಗದೆ ನಡೆದ.

ನೊಟೇಶನ್ ಓದುವುದನ್ನು ಕಲಿಸಲು ಮಾಸ್ತರು ಅವನನ್ನು ಕೃಷ್ಣಾಜಿಗೆ ಒಪ್ಪಿಸಿದರು. ಕೃಷ್ಣಾಜಿ ಬ್ಯಾಂಡಿನ ಮೊದಲ ಕ್ಲಾರಿನೆಟ್, ವಯಸ್ಸಿನಲ್ಲಿ ದೊಡ್ಡವರು, ಮರಾಠರು, ಮೃದು ಸ್ವಭಾವ. ಅವರು ಹಾಳೆ ಬಿಚ್ಚಿ, ಈ ಐದು ಗೆರೆ ನೋಡು, ಗೆರೆಯ ಮೇಲಿನ ಈ ಚುಕ್ಕಿ ನೋಡು ಎಂದರು. ಮುದಕಪ್ಪನಿಗೆ ಅವು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಕಂಡವು. ಆದರೆ ಕೃಷ್ಣಾಜಿ ಒಂದು ಚೀಜನ್ನು ಎರಡು ಸಲ ಊದಿದರೆ ಸಾಕು, ಅವನು ಮೂರನೆಯ ಸಲ ಜೊತೆಗೆ ಊದುತ್ತಿದ್ದ. ಇಬ್ಬರಿಗೂ ಅದೇ ಸುಲಭದ ಹಾದಿಯೆನಿಸಿತು. ಮಳೆಗಾಲ ಮುಗಿದ ಮೇಲೆ ಮಾಸ್ತರು, ಓದಲು ಬರುತ್ತದೇನೋ ಎಂದು ಕೇಳಿದಾಗ ಅಪ್ಪನ ಮುಖವೂ ಆ ಹಿತ್ತಲ ಬಾಗಿಲೂ ಕಣ್ಣ ಮುಂದೆ ಬಂದು ಅವನು "ಬರ್ತೈತ್ರಿ" ಎಂದುಬಿಟ್ಟ.

ಆ ಒಂದು ಮಾತು ವರ್ಷ ಕಳೆದಂತೆ ಬಿಗಿಯುತ್ತ ಹೋಯಿತು. ಮೊದಲ ತಿಂಗಳಲ್ಲಿ ಇಲ್ಲವೆಂದಿದ್ದರೆ ಮಾಸ್ತರು ನಕ್ಕು ಕಲಿಸುತ್ತಿದ್ದರೇನೋ. ಐದು ವರ್ಷದ ಮೇಲೆ ಹೇಳುವುದು ಹೇಗೆ? ಹತ್ತು ವರ್ಷದ ಮೇಲೆ? ಎಲ್ಲರಂತೆ ಅವನೂ ಎದುರಿಗೆ ಹಾಳೆ ಇಟ್ಟುಕೊಳ್ಳುತ್ತಿದ್ದ, ಅದನ್ನೇ ದಿಟ್ಟಿಸುತ್ತಿದ್ದ. ಪುಟ ತಿರುವುವ ಹೊತ್ತು ಬಂದಾಗ ಪಕ್ಕದಲ್ಲಿ ಕೂತ ಕೃಷ್ಣಾಜಿ ಮೊಣಕಾಲಿನಿಂದ ಮೆಲ್ಲಗೆ ಮುಟ್ಟುತ್ತಿದ್ದರು. ಹೊಸ ಚೀಜು ಬಂದ ದಿನ ತುಟಿಗೆ ಕ್ಲಾರಿನೆಟ್ ಇಟ್ಟು ಗಾಳಿ ಬಿಡದೆ ಬರೀ ಬೆರಳಾಡಿಸಿ, ಸಂಜೆ ಕೃಷ್ಣಾಜಿಯ ಮನೆಗೆ ಹೋಗಿ ಕಲಿತು, ಮಾರನೆಯ ದಿನ ಎಲ್ಲರಿಗಿಂತ ಚೆನ್ನಾಗಿ ಊದುತ್ತಿದ್ದ. ದಸರೆಯ ಮೆರವಣಿಗೆ, ಗಣಪತಿ ಕಳಿಸುವ ದಿನ, ರಾಮತೀರ್ಥದ ಅರಮನೆಗೆ ದೊಡ್ಡ ಸಾಹೇಬರು ಬಂದಾಗಿನ ಸಂಜೆಗಳು, ಎಲ್ಲವೂ ಹೀಗೆಯೇ ಸಾಗಿದವು. ಹೆಂಡತಿ ಅನಸವ್ವನಿಗೆ ವಿಷಯ ಗೊತ್ತಿತ್ತು. ಹೊಸ ಹಾಳೆ ಬಂದಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಡ ರೊಟ್ಟಿ ಮುರಿದು ಹಾಗೇ ಕೂತದ್ದನ್ನು ನೋಡಿಯೇ ತಿಳಿಯುತ್ತಿತ್ತು.

ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಕೃಷ್ಣಾಜಿಗೆ ದಮ್ಮು ಹತ್ತಿ ಅವರು ಬ್ಯಾಂಡು ಬಿಟ್ಟರು. ಮೊದಲ ಕ್ಲಾರಿನೆಟ್ ಮುದಕಪ್ಪನ ಪಾಲಿಗೆ ಬಂತು, ಪಕ್ಕದ ಕುರ್ಚಿ ಖಾಲಿ ಉಳಿಯಿತು. ಯುದ್ಧದಿಂದಾಗಿ ಮುಂಬಯಿಯಿಂದ ಹೊಸ ಹಾಳೆಗಳು ಬರುವುದು ನಿಂತಿತ್ತು, ಇದ್ದ ಹಳೆಯ ಚೀಜುಗಳನ್ನೇ ಬ್ಯಾಂಡು ತಿರುಗಿಸಿ ತಿರುಗಿಸಿ ಬಾರಿಸುತ್ತಿತ್ತು. ಜಗತ್ತೆಲ್ಲ ಯುದ್ಧ ಮುಗಿಯಲೆಂದು ಹಾರೈಸುತ್ತಿದ್ದಾಗ ಮುದಕಪ್ಪ ಅರ್ಧ ಮನಸ್ಸಿನಿಂದ ಹಾರೈಸುತ್ತಿದ್ದ. ಇದು ಅವನಿಗೂ ನಾಚಿಕೆಯ ವಿಷಯವೇ. ಕೃಷ್ಣಾಜಿಯ ಒಬ್ಬನೇ ಮಗ ವಿಠ್ಠಲ ಮರಾಠಾ ಪಲ್ಟಣ ಸೇರಿ ಬರ್ಮಾದಲ್ಲಿದ್ದ.

ಅಷ್ಟರಲ್ಲಿ, ನಲವತ್ತೈದನೆಯ ಇಸವಿಯ ಆಷಾಢದಲ್ಲಿ, ಇನಾಸ ಮಾಸ್ತರು ಒಂದು ದಿನ ಹಬ್ಬ ಬಂದವರಂತೆ ಮುಖ ಮಾಡಿಕೊಂಡು ಕೋಣೆಗೆ ಬಂದರು. ಕೊಲ್ಹಾಪುರದ ಹತ್ತಿರ ವಳಿವಡೆಯಲ್ಲಿ ಪೋಲಂಡ್ ದೇಶದ ನಿರಾಶ್ರಿತರ ದೊಡ್ಡ ಶಿಬಿರವಿತ್ತು. ರಶಿಯಾದವರು ಅವರನ್ನು ಊರುಬಿಡಿಸಿ ಹಿಮದ ಕಾಡಿಗೆ ಅಟ್ಟಿದ್ದರಂತೆ. ಅಲ್ಲಿಂದ ಬಿಡುಗಡೆಯಾಗಿ ಇರಾಣ ದಾಟಿ ಈ ಕಡೆ ಬಂದವರು. ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು, ಗಂಡಸರೆಲ್ಲ ದಂಡಿನಲ್ಲಿ. ಅವರು ಶ್ರಾವಣದಲ್ಲಿ ಬರುವ ಮೇರಿಯಮ್ಮನ ಹಬ್ಬಕ್ಕೆ ದೊಡ್ಡ ಮೀಸ ಹಾಡುವವರಿದ್ದರು. ಮೀಸ ಅಂದರೆ ಇಗರ್ಜಿಯ ಪೂಜೆ, ಆದರೆ ಇದು ಮಾತಿನಲ್ಲಿ ಹೇಳುವ ಪೂಜೆಯಲ್ಲ, ಮೊದಲಿನಿಂದ ಕೊನೆಯ ತನಕ ನೂರಾರು ಕೊರಳು, ಹತ್ತಾರು ವಾದ್ಯ ಕೂಡಿ ಹಾಡುವಂಥದ್ದು ಎಂದು ಮಾಸ್ತರು ವಿವರಿಸಿದರು. ಕೊರಳುಗಳು ಅವರಲ್ಲಿದ್ದವು, ವಾದ್ಯಗಳು ಸಾಲದಾಗಿದ್ದವು. ಸುತ್ತಲಿನ ಸಂಸ್ಥಾನಗಳನ್ನು ಕೇಳಿಕೊಂಡಿದ್ದರು, ದಿವಾಣರು ಒಪ್ಪಿದ್ದರು. ಹುಡುಗನಾಗಿದ್ದಾಗ ಗೋವೆಯಲ್ಲಿ ಅಂಥ ಮೀಸ ಒಮ್ಮೆ ಕೇಳಿದ್ದೆ, ಸಾಯುವುದರೊಳಗೆ ಮತ್ತೊಮ್ಮೆ ಕೇಳುತ್ತೇನೆಂದು ಅಂದುಕೊಂಡಿರಲಿಲ್ಲ ಎಂದು ಮಾಸ್ತರು ಹೇಳಿದರು. ತಮ್ಮ ಜೊತೆಗೆ ಬರುವವರೆಂದು ಅವರು ಇಬ್ಬರ ಹೆಸರು ಹೇಳಿದರು. ಡೋಲಿನ ಅಮಸಿದ್ದಪ್ಪ, ಕ್ಲಾರಿನೆಟ್ಟಿನ ಮುದಕಪ್ಪ.

ಆ ದಿನ ಮುದಕಪ್ಪ ರೊಟ್ಟಿಯನ್ನು ಮುರಿಯಲೂ ಇಲ್ಲ. ಜ್ವರ ಬಂದಿದೆಯೆಂದು ಹೇಳಿಬಿಡಿ ಎಂದಳು ಅನಸವ್ವ. ಹೇಳಬೇಕೆಂದೇ ಅವನು ಮಾಸ್ತರ ಮನೆಯ ಕಡೆ ಹೊರಟ. ಮಾಸ್ತರು ಬಾಗಿಲಲ್ಲೇ ಕೂತು ಹಳೆಯ ಪಿಟೀಲಿಗೆ ಹೊಸ ತಂತಿ ಬಿಗಿಯುತ್ತಿದ್ದರು, ಸಣ್ಣ ಹುಡುಗರಂತೆ ತಮ್ಮಷ್ಟಕ್ಕೆ ನಗುತ್ತಿದ್ದರು. ಅವನು ಬಂದ ದಾರಿಯಲ್ಲೇ ವಾಪಸಾದ.

ಇದ್ದಲಿ ಗ್ಯಾಸಿನ ಮೋಟಾರು ರಬಕವಿ, ತೇರದಾಳಗಳ ಮೇಲೆ ಕುಡಚಿ ಸ್ಟೇಶನ್ನಿಗೆ ಅವರನ್ನು ತಂದು ಹಾಕುವಷ್ಟರಲ್ಲಿ ಮೂವರ ಮುಖವೂ ಮಸಿಯಾಗಿತ್ತು. ರೈಲು ಕೃಷ್ಣೆಯ ಸೇತುವೆ ದಾಟುವಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಮಸಿದ್ದಪ್ಪ ಹೊಳೆಗೆ ಕೈಮುಗಿದು, ಆ ಬಿಳಿಯ ಜನ ನಮ್ಮನ್ನು ಜಾತಿ ಕೆಡಿಸಿಬಿಟ್ಟರೆ ಏನು ಮಾಡುವುದೆಂದು ಕೇಳಿದ. ಮುದಕಪ್ಪನ ಎದೆಯಲ್ಲಿ ಅದಕ್ಕಿಂತ ದೊಡ್ಡ ಚಿಂತೆ ಕೂತಿತ್ತು. ಮೀರಜದಲ್ಲಿ ಗಾಡಿ ಬದಲಿಸಿ ವಳಿವಡೆಯಲ್ಲಿ ಇಳಿದರು. ಮಳೆ ಬಿಡದೆ ಹಿಡಿದಿತ್ತು. ಸಾಲು ಸಾಲು ಹೆಂಚಿನ ಬರಾಕುಗಳು, ಪ್ರತಿಯೊಂದರ ಮುಂದೂ ಹೂವಿನ ಗಿಡ, ಕೆಸರಿನಲ್ಲಿ ಆಡುವ ಬೆಳ್ಳಗಿನ ಮಕ್ಕಳು. ಆ ಮಕ್ಕಳು ಒಳ್ಳೆಯ ಮರಾಠಿಯಲ್ಲಿ ಮಾತಾಡಿಸಿದಾಗ ಅಮಸಿದ್ದಪ್ಪನ ಅಂಜಿಕೆ ಅರ್ಧ ಇಳಿಯಿತು.

ಎಲ್ಲದಕ್ಕೂ ಯಜಮಾನಿಕೆ ಪಾನಿ ಹೆಲೇನಾ ಎಂಬ ಹೆಂಗಸಿನದು. ಪಾನಿ ಅಂದರೆ ನೀರಲ್ಲ, ಅವರ ಮಾತಿನಲ್ಲಿ ಬಾಯಿಯವರು ಎಂದ ಹಾಗೆ ಎಂದು ಮಾಸ್ತರು ಹೇಳಿಕೊಟ್ಟರು. ಎತ್ತರದ, ಬಡಕಲು ಮೈ. ಮಾದರಪಾಟದ ಬಟ್ಟೆಯಲ್ಲಿ ಹೊಲಿದ ಉದ್ದನೆಯ ಅಂಗಿ. ಅರೆನೆರೆತ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಳು. ತನ್ನ ದೇಶದಲ್ಲಿ ಸಾಲೆಯ ಸಂಗೀತ ಮಾಸ್ತರಾಗಿದ್ದವಳು. ನಗು ಕಡಿಮೆ.

ಮೊದಲ ತಾಲೀಮು ವಾದ್ಯದವರದ್ದು. ಶಿಬಿರದವರ ಪಿಟೀಲುಗಳು, ಕೊಲ್ಹಾಪುರದ ಬ್ಯಾಂಡಿನ ತುತ್ತೂರಿಗಳು, ಬೆಳಗಾವಿಯಿಂದ ಬಂದ ಗೋವೆಯ ನಾಲ್ಕಾರು ಜನ, ದೊಡ್ಡ ಇಗರ್ಜಿಗಳಲ್ಲಿರುವ ಆರ್ಗನ್ನಿನ ಬದಲು ಕಾಲಿನಿಂದ ತುಳಿದು ಬಾರಿಸುವ ಒಂದು ಕಾಲಪೆಟ್ಟಿಗೆ. ಕ್ಲಾರಿನೆಟ್ಟಿಗೆ ಅವನೊಬ್ಬನೇ. ಕೈಯಲ್ಲಿ ಬರೆದ ಹಾಳೆಗಳನ್ನು ಎದುರಿಗೆ ಇಟ್ಟರು. ಹೆಲೇನಾ ಕೋಲೆತ್ತಿದಳು. ಮುದಕಪ್ಪ ತನ್ನ ಹಳೆಯ ಉಪಾಯವನ್ನೇ ಹೂಡಿದ, ಗಾಳಿ ಬಿಡದೆ ಬೆರಳಾಡಿಸಿದ. ಉಳಿದವರ ನಾದದಲ್ಲಿ ಅದು ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಒಂದು ಕಡೆ ಎಲ್ಲ ವಾದ್ಯಗಳೂ ತಾವಾಗಿ ತಗ್ಗಿ ನಿಂತವು, ಕ್ಲಾರಿನೆಟ್ ಒಂದೇ ಮುಂದೆ ಹೋಗಬೇಕಾದ ಜಾಗ ಅದು. ಕೋಣೆಯಲ್ಲಿ ಹೆಂಚಿನ ಮೇಲಿನ ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಅವನ ಬೆರಳು ಮಾತ್ರ ಆಡುತ್ತಿದ್ದವು. ಹೆಲೇನಾ ಮತ್ತೊಮ್ಮೆ ಹಿಂದಿನಿಂದ ಹಿಡಿಸಿದಳು. ಮತ್ತೆ ಅದೇ ಮೌನ. ಇನಾಸ ಮಾಸ್ತರು ಪಿಟೀಲು ಇಳಿಸಿ ಇತ್ತ ತಿರುಗಿದರು. ಮುದಕಪ್ಪ ತೊದಲಿ, ಬಾಯಿಗಿಡುವ ರೀಡು ಸೀಳಿದೆ ಎಂದ. ನಾಳೆಗೆ ಬದಲಿಸಿಕೋ ಎಂದರು ಮಾಸ್ತರು, ತಾಲೀಮು ಮುಂದಿನ ಭಾಗಕ್ಕೆ ಹೋಯಿತು.

ಮಧ್ಯಾಹ್ನ ಊಟಕ್ಕೆ ರಕ್ತದಂಥ ಕೆಂಪು ಸಾರು ಬಂತು. ಅಮಸಿದ್ದಪ್ಪ ಎದ್ದೇಬಿಟ್ಟಿದ್ದ. ಮಾಸ್ತರು, ಇದು ಗಜ್ಜರಿಯಂಥ ಒಂದು ಗಡ್ಡೆಯ ಸಾರು ಎಂದು ಹೇಳಿ ಗಡ್ಡೆಯನ್ನೇ ತರಿಸಿ ತೋರಿಸಿದ ಮೇಲೆ ಅವನು ಕೂತು ಎರಡು ಸಲ ಹಾಕಿಸಿಕೊಂಡ. ಮುದಕಪ್ಪನಿಗೆ ಒಂದು ತುತ್ತೂ ಇಳಿಯಲಿಲ್ಲ. ಎಲ್ಲರೂ ಅಡ್ಡಾದ ಮೇಲೆ ಕ್ಲಾರಿನೆಟ್ ಪೆಟ್ಟಿಗೆ, ಬಟ್ಟೆಯ ಗಂಟು ಎರಡನ್ನೂ ಎತ್ತಿಕೊಂಡು ಸ್ಟೇಶನ್ನಿನ ದಾರಿ ಹಿಡಿದ. ಊರಿಗೆ ಹೋಗಿ ಏನು ಹೇಳುವುದು, ನೌಕರಿ ಹೋದರೆ ಎಲ್ಲಿಗೆ ಹೋಗುವುದು, ಯಾವುದನ್ನೂ ಯೋಚಿಸಿರಲಿಲ್ಲ. ನಾಳೆಯ ತಾಲೀಮಿಗೆ ಕೂರಲಾರೆ ಎಂಬುದೊಂದೇ ಅವನಿಗೆ ಗೊತ್ತಿತ್ತು.

ಮಳೆ ಜೋರಾಗಿ, ಬೆಳಿಗ್ಗೆ ತಾಲೀಮು ನಡೆದಿದ್ದ ಉದ್ದನೆಯ ಬರಾಕಿನ ಸೂರಿನ ಕೆಳಗೆ ನಿಲ್ಲಬೇಕಾಯಿತು. ಒಳಗೆ ಹೆಂಗಸರು ಹಾಡುತ್ತಿದ್ದರು. ಕಿಟಕಿಯಲ್ಲಿ ಇಣುಕಿದ. ಬೆಂಚುಗಳ ಮೇಲೆ ಇಪ್ಪತ್ತು ಮೂವತ್ತು ಮಂದಿ. ಒಬ್ಬಳ ತೊಡೆಯ ಮೇಲೆ ಮಗು ಮಲಗಿತ್ತು, ಒಬ್ಬಳು ಉಣ್ಣೆ ಹೆಣೆಯುತ್ತಿದ್ದಳು, ಒಬ್ಬಳ ಕೈ ಇನ್ನೂ ಹಿಟ್ಟಿನದಾಗಿತ್ತು. ಹೆಲೇನಾ ಒಂದು ಸಾಲು ಹಾಡುವಳು, ಇವರು ಅದನ್ನೇ ತಿರುಗಿ ಹಾಡುವರು. ತಪ್ಪಿದರೆ ಮತ್ತೆ ಅವಳು, ಮತ್ತೆ ಇವರು. ಮುದಕಪ್ಪ ಮೊದಲು ಸುಮ್ಮನೆ ಕೇಳುತ್ತಿದ್ದ. ಆಮೇಲೆ ಅವನಿಗೆ ಹೊಳೆಯಿತು. ಒಬ್ಬರ ಕೈಯಲ್ಲೂ ಹಾಳೆಯಿರಲಿಲ್ಲ. ಬೀಳಗಿಯ ಮನೆಯ ಪಡಸಾಲೆಯಲ್ಲಿ ಅಪ್ಪ ತನಗೆ ಕಲಿಸಿದ್ದು ಹೀಗೆಯೇ. ಇಷ್ಟು ದೂರದ ಜನ, ಇಷ್ಟು ದೊಡ್ಡ ಪೂಜೆ, ಕಲಿಯುವುದು ಮಾತ್ರ ತನ್ನ ಹಾಗೆಯೇ.

ಸಾಲು ಕಿವಿಯಲ್ಲಿ ಕೂತಿತ್ತು. ಅವನು ಪೆಟ್ಟಿಗೆ ಬಿಚ್ಚಿದ. ಸೂರಿನಡಿ ನಿಂತೇ, ಹೆಂಗಸರು ಮತ್ತೊಮ್ಮೆ ಎತ್ತಿಕೊಂಡಾಗ, ಅವರ ಜೊತೆಗೆ ಮೆಲ್ಲಗೆ ಊದಿದ.

ಎಲ್ಲರ ತಲೆಗಳೂ ಕಿಟಕಿಯತ್ತ ಹೊರಳಿದವು. ಹೆಲೇನಾ ಬಂದು ನೋಡಿದಳು. ತೊಯ್ದ ಕಾಲು ನೋಡಿದಳು, ಬಟ್ಟೆಯ ಗಂಟು ನೋಡಿದಳು. ಒಳಗೆ ಹೋಗಿ ಕಾಲಪೆಟ್ಟಿಗೆಯ ಮೇಲಿದ್ದ ಅವನ ಹಾಳೆಯನ್ನು ತಂದು ಎತ್ತಿ ಹಿಡಿದು, ಹುಬ್ಬಿನಲ್ಲೇ ಪ್ರಶ್ನೆ ಕೇಳಿದಳು. ಅವನು ತಲೆ ಅಲ್ಲಾಡಿಸಿದ, ಇಲ್ಲ. ಹದಿನೆಂಟು ವರ್ಷದಲ್ಲಿ ಆ ಪ್ರಶ್ನೆಗೆ ಅವನು ನಿಜ ಹೇಳಿದ್ದು ಅದೇ ಮೊದಲು, ಅದೂ ಬಾಯಿಂದಲ್ಲ. ಅವಳು ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟು, ಬಾಗಿಲು ತೆರೆದಳು. ಮಗು ಮಲಗಿಸಿಕೊಂಡಿದ್ದವಳು ಸರಿದು ಬೆಂಚಿನಲ್ಲಿ ಜಾಗ ಮಾಡಿದಳು.

ಅವನ ಪಾಲಿನದ್ದನ್ನು ಹೆಲೇನಾ ಬಾಯಿಂದ ಹಾಡಿ ಹೇಳಿಕೊಟ್ಟಳು. ಅವನು ತಿರುಗಿ ಊದಿದ. ಉದ್ದನೆಯ ಸ್ವರ ಬಂದಲ್ಲೆಲ್ಲ ಸನಾದಿಯ ರೂಢಿಯಂತೆ ಅದನ್ನು ಚೂರು ಓಲಾಡಿಸಿ ಅಲಂಕಾರ ಮಾಡಿದ. ಅವಳು ಕೈಯಡ್ಡ ಮಾಡಿದಳು, ಬೇಡ, ನೆಟ್ಟಗೆ. ಮತ್ತೆ ಓಲಾಡಿತು, ಮತ್ತೆ ಕೈಯಡ್ಡ. ಬರಿಯ ಸ್ವರವನ್ನು ಬರಿಯದಾಗಿಯೇ ನಿಲ್ಲಿಸುವುದು ಅವನಿಗೆ ಬಹಳ ಕಷ್ಟವಾಯಿತು. ಹೆಂಗಸರು ನಕ್ಕರು, ಅವನೂ ನಕ್ಕ.

ಸಂಜೆ ಚಹಾದ ಹೊತ್ತಿಗೆ ಮಾಸ್ತರು ಒಬ್ಬರೇ ಜಗಲಿಯಲ್ಲಿ ಕೂತಿದ್ದನ್ನು ನೋಡಿ ಹೋಗಿ ನಿಂತ.

"ಮಾಸ್ತರ, ನನಗ ಹಾಳಿ ಓದಾಕ ಬರೂದಿಲ್ರಿ."

"ಇವತ್ತಿಂದೇನು? ಕೈಬರಹ ಕೆಟ್ಟೈತಿ. ನನಗೂ ಕಣ್ಣ ಹಿಡೀವಲ್ದು."

"ಇವತ್ತಿಂದಲ್ರಿ. ಯಾವ ಹಾಳೀನೂ ಬರೂದಿಲ್ಲ. ಮೊದಲಿಂದನೂ."

ಮಾಸ್ತರು ಬಸಿಯಲ್ಲಿ ಹೊಯ್ದ ಚಹಾ ಹಾಗೆಯೇ ಉಳಿಯಿತು. ಬಸಿಯನ್ನು ಕೆಳಗಿಟ್ಟು ಕೇಳಿದರು.

"ಮತ್ತ ಹಾಳಿ ಹೆಂಗ ತಿರಿವತಿದ್ದಿ? ಒಂದ ಸಲಾನೂ ತಪ್ಪಲಿಲ್ಲಲ್ಲೋ."

"ಕೃಷ್ಣಾಜಿಯವರು ಮಣಕಾಲಿಂದ ಮುಟ್ಟತಿದ್ರರಿ."

ಅವರು ಸಿಟ್ಟಿಗೇಳುತ್ತಾರೆಂದು ಮುದಕಪ್ಪ ಕಾಯುತ್ತಿದ್ದ. ಮಾಸ್ತರಿಗೆ ಸಿಟ್ಟಿಗಿಂತ ನೋವೇ ಆಗಿತ್ತು. ನಾನು ದಿವಾಣರ ಮುಂದೆ ಎಷ್ಟು ಸಲ ನಿನ್ನ ಹೆಸರು ಹೇಳಿ ಹೊಗಳಿದ್ದೆ, ಒಂದು ಮಾತು ನನಗೆ ಹೇಳಬಾರದಾಗಿತ್ತೇ ಎಂದರು. ಹಾಗೆಂದವರೇ, ಇಲ್ಲಿನ ಹಾಡುವವರಲ್ಲಿ ಮುಕ್ಕಾಲು ಪಾಲು ಮಂದಿಗೂ ಓದಲು ಬರುವುದಿಲ್ಲ, ಎಲ್ಲ ಒಕ್ಕಲುತನದ ಹೆಂಗಸರು. ಹಿಮದ ಕಾಡಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರ ಹತ್ತಿರ ಹಾಳೆಗಳೂ ಇರಲಿಲ್ಲ, ಹೆಲೇನಾ ಅರ್ಧವನ್ನು ನೆನಪಿನಿಂದಲೇ ಬರೆದಿದ್ದಾಳೆ ಎಂದು ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು. ಆಮೇಲೆ ಎದ್ದು ನಿಂತರು.

"ಬೈಯೂದು ಜಮಖಂಡಿಗಿ ಹೋದ ಮ್ಯಾಲೆ. ಈಗ ಆಕಿ ಏನ ಹಾಡಿ ತೋರಿಸ್ಯಾಳ, ಊದು. ನಾ ಕೇಳ್ತೀನಿ."

ಆ ದಿನದಿಂದ ಪೂಜೆಯ ತನಕ ಮುದಕಪ್ಪ ಹೊಟ್ಟೆ ತುಂಬ ಉಂಡ. ಬೆಳಿಗ್ಗೆ ವಾದ್ಯದವರ ತಾಲೀಮು, ಮಧ್ಯಾಹ್ನ ಹೆಂಗಸರ ಬೆಂಚಿನಲ್ಲಿ ಪಾಠ. ಅವನ ಎದುರಿನ ಕಟ್ಟಿಗೆಯ ಸ್ಟ್ಯಾಂಡು ಖಾಲಿಯಿತ್ತು, ಯಾರೂ ಅದನ್ನು ಕೇಳಲಿಲ್ಲ. ನೋಡಲು ಹಾಳೆಯಿಲ್ಲದ್ದರಿಂದ ಈಗ ಅವನು ಹೆಲೇನಾಳ ಮುಖ ನೋಡುತ್ತಿದ್ದ. ಬ್ಯಾಂಡಿನಲ್ಲಿ ಇಷ್ಟು ವರ್ಷ ಮಾಸ್ತರ ಮುಖವನ್ನೇ ತಾನು ಸರಿಯಾಗಿ ನೋಡಿರಲಿಲ್ಲವೆಂದು ಅವನಿಗೆ ಆಗ ತಿಳಿಯಿತು.

ಹಬ್ಬದ ದಿನ, ಆಗಸ್ಟ್ ಹದಿನೈದರ ಬೆಳಿಗ್ಗೆ, ಸ್ಟೇಶನ್ನಿನಲ್ಲಿ ನಿಂತಿದ್ದ ಇಂಜಿನ್ನು ನಿಲ್ಲಿಸದೆ ಸಿಳ್ಳೆ ಹಾಕತೊಡಗಿತು. ಜಪಾನದವರು ಶರಣಾಗಿದ್ದಾರೆ, ಯುದ್ಧ ಮುಗಿಯಿತು ಎಂಬ ಸುದ್ದಿ ರೇಡಿಯೊದಲ್ಲಿ ಬಂದಿತ್ತು. ಜನ ಬರಾಕುಗಳಿಂದ ಹೊರಗೆ ಬಂದು ಮಳೆಯಲ್ಲೇ ನಿಂತರು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅವರ ಊರು ಅವರಿಗೆ ತಿರುಗಿ ಸಿಗುವಂತಿರಲಿಲ್ಲ, ಅದು ರಶಿಯಾದವರ ಕೈಸೇರಿತ್ತು ಎಂದು ಮಾಸ್ತರು ಹೇಳಿದ್ದರು. ಆದರೂ ಇನ್ನು ಯಾರೂ ಸಾಯಬೇಕಾಗಿಲ್ಲ ಎಂಬುದೇ ಆ ಹೊತ್ತಿಗೆ ಸಾಕಾಗಿತ್ತು. ಮುದಕಪ್ಪನಿಗೆ ಕೃಷ್ಣಾಜಿಯ ಮಗ ವಿಠ್ಠಲ ನೆನಪಾದ. ಯುದ್ಧ ಮುಗಿದದ್ದಕ್ಕೆ ಅವನಿಗೆ ಈಗ ಪೂರ್ತಿ ಮನಸ್ಸಿನಿಂದ ಸಂತೋಷವಾಯಿತು.

ಇಗರ್ಜಿಯೆಂದರೆ ಅದೂ ಒಂದು ದೊಡ್ಡ ಬರಾಕೇ. ಹೆಂಗಸರೂ ಮಕ್ಕಳೂ ಹೊಲದ ಗಿಡಮೂಲಿಕೆ, ಜೋಳದ ಎಲೆ, ಹೂ ಸೇರಿಸಿ ಕಟ್ಟಿದ ಸಿವುಡುಗಳನ್ನು ಕೈಯಲ್ಲಿ ಹಿಡಿದು ಬಂದರು. ಒಳಗೆಲ್ಲ ಹಸಿ ಸೊಪ್ಪಿನ ವಾಸನೆ. ಒಳಗೆ ಹಿಡಿಸದವರು ಹೊರಗೆ ಛತ್ರಿ ಹಿಡಿದು ನಿಂತರು. ಕೊಲ್ಹಾಪುರದಿಂದ ಬಂದ ಅಧಿಕಾರಿಗಳಿಗೆ ಮುಂದೆ ಕುರ್ಚಿ ಹಾಕಿದ್ದರು. ಹಾಡುವವರು ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದರು, ಮುಂದೆ ಹೆಂಗಸರು, ಹಿಂದೆ ಮುದುಕರು ಮತ್ತು ದನಿ ಒಡೆದ ಹುಡುಗರು.

ಮೊದಲು ಮುದುಕರ ದನಿ ಎದ್ದಿತು, ನೆಲದೊಳಗಿನಿಂದ ಬಂದಂತೆ. ಅದರ ಮೇಲೆ ಹೆಂಗಸರ ಒಂದು ಗುಂಪು, ಅದರ ಮೇಲೆ ಇನ್ನೊಂದು. ದೇವರೇ ಕರುಣಿಸು ಎಂಬ ಒಂದೇ ಮಾತನ್ನು ಒಬ್ಬರು ಹಿಡಿದರೆ ಇನ್ನೊಬ್ಬರು ಬಿಡುತ್ತಾರೆ, ಬಿಟ್ಟದ್ದನ್ನು ಮತ್ತೊಬ್ಬರು ಎತ್ತಿಕೊಳ್ಳುತ್ತಾರೆ. ತಾಲೀಮಿನಲ್ಲಿ ಮುದಕಪ್ಪ ಇವನ್ನೆಲ್ಲ ಬಿಡಿಬಿಡಿಯಾಗಿ ಕೇಳಿದ್ದ. ಎಲ್ಲವೂ ಒಮ್ಮೆಗೇ ಕೂಡಿದಾಗ ಅವನ ತೋಳಿನ ಕೂದಲು ನೆಟ್ಟಗಾದವು. ಎರಡನೆಯ ಭಾಗದಲ್ಲಿ ತುತ್ತೂರಿಗಳೂ ಅಮಸಿದ್ದಪ್ಪನ ಡೋಲೂ ಸೇರಿ ಕಿಟಕಿಯ ಗಾಜು ಅದುರಿದವು. ಮೂರನೆಯದು ಬಹಳ ಉದ್ದ. ಅದರ ನಡುವೆ ಒಂದು ಕಡೆ ಎಲ್ಲರೂ ಪಿಸುಮಾತಿನಷ್ಟು ಮೆಲ್ಲಗೆ ಹಾಡುವಾಗ ಮುಂದಿನ ಸಾಲಿನ ಕೆಲವರು ಅಳುತ್ತಿದ್ದರು, ಆದರೆ ಯಾರ ದನಿಯೂ ಕೆಡಲಿಲ್ಲ.

ಕೊನೆಯ ಭಾಗಕ್ಕೆ ಮುಂಚೆ ಅವನ ಸರದಿ. ಎಲ್ಲರೂ ತಗ್ಗಿ ನಿಂತ ಮೇಲೆ ಕ್ಲಾರಿನೆಟ್ ಒಂದೇ ಹೊರಟು, ಆಮೇಲೆ ಒಬ್ಬ ಹೆಂಗಸಿನ ಕೊರಳು ಅದರ ಜೊತೆಗೂಡಬೇಕು. ಹೆಂಗಸರ ದನಿಯ ಕೊನೆಯ ಎಳೆ ಆರುವುದನ್ನು ಕೇಳಿಸಿಕೊಂಡು ಹೊರಡುವುದೆಂದು ಅವನು ಗುರುತಿಟ್ಟುಕೊಂಡಿದ್ದ. ಸರಿಯಾಗಿ ಅದೇ ಹೊತ್ತಿಗೆ ಮಳೆ ಹೆಂಚಿನ ಮೇಲೆ ಕಲ್ಲು ಸುರುವಿದಂತೆ ಸುರಿಯಿತು. ಆ ಎಳೆ ಆರಿತೋ ಇಲ್ಲವೋ ಕೇಳಿಸಲಿಲ್ಲ. ಕೇಳುವುದನ್ನೇ ನಂಬಿ ಬಾಳಿದವನಿಗೆ ಕಿವಿಯೇ ಕೈಕೊಟ್ಟಿತು. ಹೆಲೇನಾಳ ಮುಖ ನೋಡಿದ. ಅವಳು ಇವನನ್ನೇ ನೋಡುತ್ತಿದ್ದಳು. ಕೋಲನ್ನು ಎತ್ತಲಿಲ್ಲ, ಬಾಯಿ ಅರೆತೆರೆದು, ಭುಜ ಏಳುವಂತೆ, ಇವನಿಗೆ ಕಾಣಲೆಂದೇ ಉದ್ದಕ್ಕೆ ಉಸಿರೆಳೆದುಕೊಂಡಳು. ಅವನೂ ಎಳೆದುಕೊಂಡ. ಅವಳು ಬಿಟ್ಟಾಗ ಅವನೂ ಬಿಟ್ಟ. ಸ್ವರ ಹೊರಟಿತು, ನೆಟ್ಟಗೆ, ಓಲಾಡದೆ. ಮಳೆಯ ಸದ್ದಿನ ಕೆಳಗೆ ಮೊದಲು ಸಣ್ಣದಾಗಿ, ಆಮೇಲೆ ಮೇಲಕ್ಕೆ. ಆ ಹೆಂಗಸಿನ ಕೊರಳು ಬಂದು ಪಕ್ಕದಲ್ಲಿ ನಿಂತಿತು. ಆಕೆ ಉಸಿರಿಗೆ ನಿಂತ ಕಡೆಯಲ್ಲೂ ಇವನು ಕಡಿಯದೆ ನಡೆದ. ಮುಗಿದ ಮೇಲೆ ಕ್ಲಾರಿನೆಟ್ ತೊಡೆಯ ಮೇಲಿಟ್ಟುಕೊಂಡ. ಕೊನೆಯ ಭಾಗ, ಶಾಂತಿ ಕೊಡು ಎಂದು ಬೇಡುವುದು, ಅವನ ಕಿವಿಗೆ ಅರ್ಧವೇ ಬಿತ್ತು.

ಪೂಜೆಯಲ್ಲಿ ಚಪ್ಪಾಳೆ ಹೊಡೆಯುವ ಪದ್ಧತಿಯಿಲ್ಲವಂತೆ. ಜನ ಸುಮ್ಮನೆ ಎದ್ದು ನಿಂತರು. ಹೆಲೇನಾ ಬಂದು ಮಾಸ್ತರ ಕೈ ಕುಲುಕಿದಳು, ಅಮಸಿದ್ದಪ್ಪನದನ್ನು ಕುಲುಕಿದಳು. ಮುದಕಪ್ಪನ ಮುಂದೆ ನಿಂತು, ಮಕ್ಕಳಿಂದ ಕಲಿತಿದ್ದಿರಬೇಕು, ಮರಾಠಿಯಲ್ಲಿ ಛಾನ್ ಎಂದಳು, ಚೆನ್ನಾಗಿತ್ತು ಎಂದ ಹಾಗೆ. ಆಗ ನಕ್ಕಳು.

ಜಮಖಂಡಿಗೆ ಬಂದು ಮನೆಯಲ್ಲಿ ಪೆಟ್ಟಿಗೆ ಇಟ್ಟವನೇ ಕೃಷ್ಣಾಜಿಯ ಮನೆಗೆ ಹೋದ. ಅವರು ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದರು. ವಿಠ್ಠಲನ ಕ್ಷೇಮ ತಿಳಿದಿತ್ತು, ದೀಪಾವಳಿಯ ಹೊತ್ತಿಗೆ ಬರುವವನಿದ್ದ.

"ಕಾಕಾ, ಮಾಸ್ತರಿಗೆ ಹೇಳಿಬಿಟ್ಟೆನ್ರಿ."

"ಎಲ್ಲಾ?"

"ಎಲ್ಲಾ. ಮಣಕಾಲಿನ ಸುದ್ದೀನೂ."

ಕೃಷ್ಣಾಜಿ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು. ದಮ್ಮಿನವರಿಂದ ಅಷ್ಟು ಉದ್ದನೆಯ ಉಸಿರು ಬಂದದ್ದನ್ನು ನೋಡಿ ಅವರ ಹೆಂಡತಿ ಒಳಗಿನಿಂದ ಬಂದು ನಿಂತರು.

"ಛಲೋ ಆತು ಬಿಡಪಾ. ನಾ ಕಲಿಸಬೇಕಾಗಿತ್ತು, ಕಲಿಸಲಿಲ್ಲ. ನಾ ಸತ್ತರ ನಿನ್ನ ಗತಿ ಏನಂತ ದಿನಾ ಅಂಜತಿದ್ದೆ."

ಮಾಸ್ತರು ಹೇಳಿದ ಮಾತಿನಂತೆ ಜಮಖಂಡಿಯಲ್ಲಿ ಬೈದರು, ಚೆನ್ನಾಗಿಯೇ ಬೈದರು. ದಿವಾಣರ ತನಕ ಮಾತು ಹೋಗಲಿಲ್ಲ. ಶಿಕ್ಷೆಯೆಂದರೆ, ದಿನಾ ತಾಲೀಮಿಗೆ ಮುಂಚೆ ಸ್ಲೇಟು ಹಿಡಿದು ಅವರ ಎದುರಿಗೆ ಕೂರಬೇಕು. ಮೊದಲ ದಿನ ಮುದಕಪ್ಪ ಕೂತದ್ದನ್ನು ನೋಡಿ ಅಮಸಿದ್ದಪ್ಪ ಸ್ವಲ್ಪ ಹೊತ್ತು ಬಾಗಿಲಲ್ಲಿ ಸುಳಿದಾಡಿದ. ಆಮೇಲೆ ಒಳಗೆ ಬಂದು, ನನಗೂ ಬರುವುದಿಲ್ಲ ಎಂದು ಹೇಳಿ ಪಕ್ಕದಲ್ಲಿ ಕೂತ. ಮಾಸ್ತರು ತಲೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನಗು ತಡೆಯಲಾರದೆ ಕೋಟಿನ ಗುಂಡಿ ಬಿಚ್ಚಿ ನಕ್ಕರು. ಇರುವೆಗಳು ಚುಕ್ಕಿಗಳಾಗಲು ವರ್ಷವೇ ಹಿಡಿಯಿತು. ಚುಕ್ಕಿಗಳಿಂದ ಸ್ವರ ಕೇಳಿಸಲು ಇನ್ನೊಂದು ವರ್ಷ.

ನಲವತ್ತೆಂಟರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಬ್ಯಾಂಡಿನ ಕೋಣೆಗೆ ಬೀಗ ಬಿತ್ತು, ಇನಾಸ ಮಾಸ್ತರು ಗೋವೆಗೆ ಹೋದರು, ಅಮಸಿದ್ದಪ್ಪ ತುಬಚಿಯ ತನ್ನ ಹೊಲಕ್ಕೆ ಮರಳಿದ. ವಳಿವಡೆಯ ಶಿಬಿರವೂ ಖಾಲಿಯಾಗಿ ಆ ಜನ ಹಡಗು ಹತ್ತಿ ಬೇರೆ ಬೇರೆ ದೇಶಗಳಿಗೆ ಹೋದರಂತೆ. ಬೆಳಗಾವಿಯ ಪೊಲೀಸ್ ಬ್ಯಾಂಡಿಗೆ ಜನ ಬೇಕಾಗಿದ್ದಾರೆಂದು ತಿಳಿದು ಮುದಕಪ್ಪ ಪರೀಕ್ಷೆಗೆ ಹೋದ. ಅಲ್ಲಿನ ಅಧಿಕಾರಿ ಅವನೆಂದೂ ಕೇಳಿರದ ಒಂದು ಹಾಳೆಯನ್ನು ಮುಂದಿಟ್ಟ. ಮುದಕಪ್ಪ ಎರಡು ಕಡೆ ತಪ್ಪಿದ, ಒಂದು ಕಡೆ ನಿಂತು ಮತ್ತೆ ನೋಡಿ ಹಿಡಿದ. ನಿಧಾನವಾದರೂ ಕೊನೆಯ ತನಕ ಓದಿದ. ಒಂದನೆಯ ತಾರೀಖಿನಿಂದ ಬಾ ಎಂದರು.

ಮರುದಿನ ಅವನು ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಅನಸವ್ವ ಚಿಂತೆಯಲ್ಲಿ ಒಲೆಯನ್ನೇ ಹೊತ್ತಿಸಿರಲಿಲ್ಲ. ಸುದ್ದಿ ಕೇಳಿದ ಮೇಲೂ ಹೊತ್ತಿಸುವ ಮನಸ್ಸಾಗಲಿಲ್ಲ. ಮಗಳನ್ನು ಅಂಗಡಿಗೆ ಕಳಿಸಿ ಚುರಮುರಿ ತರಿಸಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ, ಎಲ್ಲರೂ ಬಾಗಿಲಲ್ಲೇ ಕೂತು ತಿಂದರು. ಅವಳು ಬಾಗಿಲ ಮುಂದೆ ಕಟ್ಟಿದ್ದ ತಮ್ಮ ಆಡುಗಳತ್ತ ನೋಡುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

"ಆಡು ಹೊಡಕೊಂಡ ಹೋಗಾಕ ಬರ್ತೈತೇನ್ರಿ ಅಲ್ಲಿಗೆ?" ಎಂದಳು ಕೊನೆಗೆ.

ಕೇಳಿಕೊಂಡು ಬರುತ್ತೇನೆ ಎಂದು ಹೇಳಿ ಮುದಕಪ್ಪ ಇನ್ನೊಂದು ಬೊಗಸೆ ಚುರಮುರಿ ತೆಗೆದುಕೊಂಡ.